ಅಬ್ದುಲ್ ಕರೀಂ ಖಾನಸಾಹೇಬರು

ಯಮುನಾ ನದಿಯ ಸಮೀಪದ ಕೈರಾನಾ ಎಂಬ ಊರಿನಲ್ಲಿ 1872ರಲ್ಲಿ ಜನಿಸಿದ ಅಬ್ದುಲ್ ಕರೀಂ ಖಾನಸಾಹೇಬರು ಕನ್ನಡಿಗರಲ್ಲದಿದ್ದರೂ ಕನ್ನಡನಾಡಿನ ಹಿಂದುಸ್ಥಾನೀ ಗಾಯನಕ್ಕೆ ಮೂಲಪುರುಷರಲ್ಲೊಬ್ಬರೆನಿಸಿದರು. ತಂದೆ ಕಾಲೇ ಖಾನರಲ್ಲಿಯೂ ಚಿಕ್ಕಪ್ಪ ಅಬ್ದುಲ್ಲಾ ಖಾನರಲ್ಲಿಯೂ ವಿದ್ಯೆಯನ್ನು ಸಂಪಾದಿಸಿ, ತಮ್ಮನಾದ ಅಬ್ದುಲ್ ಹಕ್ಕರೊಡನೆ ಜೋಡಿಯಾಗಿ ಹಾಡಿ ಬಡೋದೆಯ ಆಸ್ಥಾನದಲ್ಲಿ ಮನ್ನಣೆಯನ್ನು ಪಡೆದರು. ಜೋಡಿಗಾಯನದಲ್ಲಿ ಮುಂದಿನ ಆಲಾಪವು ಮೊದಲೇ ಗೊತ್ತಾಗಿರುವುದಿಲ್ಲ; ಒಬ್ಬನು ಬಿಟ್ಟ ಸ್ವರವನ್ನು ಇನ್ನೊಬ್ಬನು ಆ ಕ್ಷಣದಲ್ಲಿಯೇ ಎತ್ತಿಕೊಂಡು ಮುಂದೆ ನಡೆಯಿಸಬೇಕು. ಒಡನಾಡಿಯ ಕಂಠವನ್ನು ಆಲಿಸಿ ತನ್ನದನ್ನು ನುಡಿಯುವ ಈ ಅಭ್ಯಾಸವು ಖಾನಸಾಹೇಬರನ್ನು ಕಡೆಯವರೆಗೂ ಬಿಡಲಿಲ್ಲ.

ಇಪ್ಪತ್ತೆರಡು ಶ್ರುತಿಗಳನ್ನು ಅಳೆಯಲು ಹೊರಟ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರಿಗೆ ಅವರು ತಮ್ಮ ಕಂಠವನ್ನೇ ಪ್ರಮಾಣವಾಗಿ ಒದಗಿಸಿದರು. ಘರಾಣೆಯ ವಿದ್ಯೆಯನ್ನು ಹೊರಗಿನವರಿಗೆ ತೋರಿಸಲು ಅನೇಕ ಉಸ್ತಾದರು ಹಿಂಜರಿಯುತ್ತಿದ್ದ ಕಾಲವದು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನೂ ಸ್ಥಾಪಿಸಿದರು. ಮೈಸೂರಿನ ಆಸ್ಥಾನಕ್ಕೆ ಹೋಗಿಬರುವಾಗ ಕುಂದಗೋಳದ ನಾಡಿಗೇರರ ವಾಡೆಯಲ್ಲಿ ತಂಗುವ ವಾಡಿಕೆಯಿತ್ತು. ಆ ಊರಿನ ರಾಮಭಾವು ಅವರ ಶಿಷ್ಯನಾಗಿ, ಮುಂದೆ ಸವಾಯಿ ಗಂಧರ್ವರೆಂದು ಪ್ರಸಿದ್ಧಿಯನ್ನು ಹೊಂದಿದನು. ದಕ್ಷಿಣದ ವಿದ್ವಾಂಸರ ಸಹವಾಸದಿಂದ ಖಾನಸಾಹೇಬರ ಗಾಯನದಲ್ಲಿ ಸ್ವರಪ್ರಸ್ತಾರವು ನೆಲೆಗೊಂಡಿತು.

ಗ್ರಾಮೊಫೋನ್ ತಟ್ಟೆಯು ಇಂತಹ ಗಾಯಕನಿಗೆ ಕಠಿನವಾದ ಪರೀಕ್ಷೆ. ಸಭೆಯಲ್ಲಿ ಗಂಟೆಗಟ್ಟಲೆ ವಿಸ್ತರಿಸುವ ರಾಗವು ತಟ್ಟೆಯ ಒಂದು ಮುಖದಲ್ಲಿ ಸುಮಾರು 3 ನಿಮಿಷದೊಳಗೆ ಮುಗಿಯಬೇಕು. ಮೇಣದ ಮೇಲೆ ಒಮ್ಮೆ ಕೊರೆದುದನ್ನು ತಿದ್ದುವ ಉಪಾಯವಿಲ್ಲ, ತಪ್ಪಿದರೆ ಮೊದಲಿನಿಂದಲೇ ಹಾಡಬೇಕು. ಸುಮಾರು 1905ರಲ್ಲಿ ಮೊದಲ ತಟ್ಟೆಗಳಿಗೆ ಹಾಡಿದಾಗ ವಿದ್ಯುತ್ತಿನ ಸಹಾಯವಿರಲಿಲ್ಲ; ಕೊಂಬಿನಾಕಾರದ ನಳಿಗೆಯೆದುರಿಗೆ ಕುಳಿತು ಹಾಡಬೇಕಾಗಿತ್ತು. ಮೂರು ದಶಕಗಳ ತರುವಾಯ, ಓಡಿಯನ್ ಕಂಪನಿಗಾಗಿ ಹಾಡುವ ಹೊತ್ತಿಗೆ, ಮೈಕ್ರೊಫೋನು ಬಂದಿತ್ತು. ವೃದ್ಧಾಪ್ಯದತ್ತ ಸಾಗಿದ್ದ ಖಾನಸಾಹೇಬರು ಅಲ್ಲಿ ಅವಸರಪಡಲಿಲ್ಲ. ತಂಬೂರಿಯ ನಾದದಲ್ಲಿ ಕಂಠವನ್ನು ಬೆರೆಸಿ, ತಬಲೆಯ ಸಮಕ್ಕೆ ಮೆಲ್ಲನೆ ಬಂದು ಸೇರಿ, ಆ ಕ್ಷಣಕ್ಕೆ ಹೊಳೆದ ಆಲಾಪವನ್ನೇ ಹಾಡಿದರು. ವಸಂತ, ಝಿಂಝೋಟಿ, ಭೈರವಿಗಳೊಂದಿಗೆ ತ್ಯಾಗರಾಜರ ಖರಹರಪ್ರಿಯ ಕೃತಿಯನ್ನೂ ಸಾವೇರಿಯ ಸ್ವರಗಳನ್ನೂ ಅವರು ಮುದ್ರಿಸಿದುದು ಹಿಂದುಸ್ಥಾನೀ ಗಾಯಕರಲ್ಲಿ ಅಪೂರ್ವವಾದ ಸಂಗತಿ. ಕೃತಿಯ ಉಚ್ಚಾರಣೆಯಲ್ಲಿ ದಾಕ್ಷಿಣಾತ್ಯರು ದೋಷವನ್ನೆಣಿಸಬಹುದು. ಆದರೆ ಪರರ ಸಂಗೀತದ ಮುಂದೆ ಶಿಷ್ಯನಾಗಿ ನಿಂತ ವಿನಯವು ಆ ಕಂಠದಲ್ಲಿ ಸ್ಪಷ್ಟವಾಗಿ ಕೇಳಿಬರುತ್ತದೆ.

1937ರ ಅಕ್ಟೋಬರದಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಪ್ರಯಾಣಮಾಡುತ್ತಿದ್ದಾಗ ದೇಹಾಲಸ್ಯವುಂಟಾಗಿ ಸಿಂಗಪೆರುಮಾಳ್ ಕೋಯಿಲ್ ರೈಲ್ವೆ ನಿಲ್ದಾಣದಲ್ಲಿ ಇಳಿದು, ಅಲ್ಲಿಯೇ ದೇಹವಿಟ್ಟರು. ಅವರು ನೆಲೆಸಿದ್ದ ಮೀರಜದ ದರ್ಗಾದ ಆವರಣದಲ್ಲಿ ಸಮಾಧಿಯಾಯಿತು. ತಟ್ಟೆಗಳು ಮಾತ್ರ ಊರೂರು ತಿರುಗುತ್ತಲಿದ್ದವು. ಗದಗಿನ ಬಾಲಕ ಭೀಮಸೇನ ಜೋಶಿಯು ಅಂಗಡಿಯೊಂದರಲ್ಲಿ ಖಾನಸಾಹೇಬರ ಝಿಂಝೋಟಿಯ ಠುಮರಿಯನ್ನು ಕೇಳಿ, ಅಂತೆಯೇ ಹಾಡಬೇಕೆಂಬ ಹಂಬಲದಿಂದ ಮನೆಯನ್ನು ತೊರೆದು ಉತ್ತರದೇಶವನ್ನೆಲ್ಲ ಅಲೆದನು. ಕಡೆಗೆ ಅವನಿಗೆ ಗುರುವು ದೊರೆತದ್ದು ತನ್ನೂರಿಗೆ ಸಮೀಪದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ.