ಕೆಂಗಲ್ ಹನುಮಂತಯ್ಯನವರು ಮತ್ತು ನಮ್ಮ ಮತದ ಬೆಲೆ



ಬೆಂಗಳೂರಿನಿಂದ ಮೈಸೂರಿಗೆ ಹಳೆಯ ರಸ್ತೆಯಲ್ಲಿ ಹೋಗುವಾಗ ರಾಮನಗರ ದಾಟಿ ಚನ್ನಪಟ್ಟಣ ತಲುಪುವ ಮುನ್ನ ಕೆಂಗಲ್ ಎಂಬ ಸ್ಥಳ ಸಿಗುತ್ತದೆ. ಅಲ್ಲಿನ ಆಂಜನೇಯ ದೇವಸ್ಥಾನವನ್ನು ನಮ್ಮ ಭಾಗದಲ್ಲಿ ನೋಡದವರಿಲ್ಲ. ಆ ಸ್ಥಳದ ಹೆಸರನ್ನು ತಮ್ಮ ಹೆಸರಿನೊಂದಿಗೆ ವಿಧಾನಸೌಧದವರೆಗೆ, ಅಲ್ಲಿಂದ ದೆಹಲಿಯ ಸಂಸತ್ತಿನವರೆಗೆ ಕೊಂಡೊಯ್ದವರು ಕೆಂಗಲ್ ಹನುಮಂತಯ್ಯನವರು. ವಿಧಾನಸೌಧ ಕಟ್ಟಿಸಿದವರು ಯಾರೆಂದು ಕೇಳಿದರೆ ಪ್ರಾಥಮಿಕ ಶಾಲೆಯ ಮಗುವೂ ಅವರ ಹೆಸರು ಹೇಳುತ್ತದೆ. ಆದರೆ ಅವರನ್ನು ಅಧಿಕಾರಕ್ಕೆ ತಂದದ್ದು ಯಾರು, ಇಳಿಸಿದ್ದು ಯಾರು, ಕೊನೆಗೆ ಸೋಲಿಸಿದ್ದು ಯಾರು ಎಂದು ಕೇಳಿದರೆ ಹಿರಿಯರೂ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಅವರ ಜೀವನವನ್ನು ಚುನಾವಣೆಗಳ ಮೂಲಕ ನೋಡಿದರೆ ಮತ ಎಂಬ ಅಮಾನತ್ತಿನ ಬೆಲೆ ನಮಗೆ ತಿಳಿಯುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಹನುಮಂತಯ್ಯನವರು 1908ರ ಫೆಬ್ರವರಿಯಲ್ಲಿ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಒಂದು ಒಕ್ಕಲಿಗ ರೈತ ಕುಟುಂಬದಲ್ಲಿ ಜನಿಸಿದರು. ಆಗ ರಾಮನಗರದ ಹೆಸರು ಕ್ಲೋಸ್‌ಪೇಟೆ. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ನೆನಪಿಗೆ ಇಟ್ಟ ಹೆಸರು ಅದು. ಅದಕ್ಕೂ ಮೊದಲು, ಟಿಪ್ಪು ಸುಲ್ತಾನರ ಕಾಲದಲ್ಲಿ, ಊರಿಗೆ ಶಂಸೇರಾಬಾದ್ ಎಂಬ ಹೆಸರಿತ್ತು. ರಾಮನಗರ ಎಂಬ ಇಂದಿನ ಹೆಸರು ಬಂದದ್ದು ಹನುಮಂತಯ್ಯನವರಿಂದ.

ಹಳ್ಳಿಯ ಹುಡುಗ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಗೆ ಹೋಗಿ ಕಾನೂನು ಓದಿ, ಬೆಂಗಳೂರಿನಲ್ಲಿ ವಕೀಲರಾದರು. ಆ ಕಾಲದಲ್ಲಿ ಒಬ್ಬ ರೈತನ ಮಗನಿಗೆ ಇದು ಸಣ್ಣ ಸಾಧನೆಯಲ್ಲ. ವಕೀಲಿಯಲ್ಲಿ ಹಣ ಸಂಪಾದಿಸಬಹುದಿತ್ತು. ಅವರು ಕಾಂಗ್ರೆಸ್ ಸೇರಿ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದು ಹಲವು ಬಾರಿ ಜೈಲು ಸೇರಿದರು.

ಆಯ್ದ ಕೆಲವರ ಮತದಿಂದ ಎಲ್ಲರ ಮತಕ್ಕೆ

1940ರ ದಶಕದಲ್ಲಿ ಹನುಮಂತಯ್ಯನವರು ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿದ್ದರು. 1881ರಲ್ಲಿ ಆರಂಭವಾದ ಈ ಸಭೆಗೆ ಎಲ್ಲರೂ ಮತ ಹಾಕುವಂತಿರಲಿಲ್ಲ. ಕಂದಾಯ ಕಟ್ಟುವವರು, ಓದಿದವರು, ಹೀಗೆ ಅರ್ಹತೆಗಳಿದ್ದವು. ಹೊಲದಲ್ಲಿ ಕೂಲಿ ಮಾಡುವವನಿಗೂ ರೇಷ್ಮೆ ನೂಲು ತೆಗೆಯುವವನಿಗೂ ಅಲ್ಲಿ ದನಿ ಇರಲಿಲ್ಲ.

ಸ್ವಾತಂತ್ರ್ಯಾನಂತರ ಅವರು ಮೈಸೂರಿನ ಪ್ರತಿನಿಧಿಯಾಗಿ ಭಾರತದ ಸಂವಿಧಾನ ರಚನಾ ಸಭೆಯಲ್ಲಿ ಕುಳಿತರು. ಸಂವಿಧಾನದ ಕರಡಿನ ಬಗ್ಗೆ ಅವರಿಗೆ ಪೂರ್ಣ ಸಮಾಧಾನವಿರಲಿಲ್ಲ. ಗಾಂಧೀಜಿ ಬಯಸಿದ್ದು ಹಳ್ಳಿಯಿಂದ ಮೇಲಕ್ಕೆ ಕಟ್ಟಿದ ಆಡಳಿತ, ಇದು ದೆಹಲಿಯಿಂದ ಕೆಳಕ್ಕೆ ಇಳಿದು ಬಂದಿದೆ ಎಂಬುದು ಅವರ ಅಭಿಪ್ರಾಯ. ಅಷ್ಟು ದೊಡ್ಡ ಸಭೆಯಲ್ಲಿ ಮನಸ್ಸಿಗೆ ಕಂಡದ್ದನ್ನು ಹೇಳಲು ಅವರು ಹಿಂಜರಿಯಲಿಲ್ಲ. ಆದರೂ ಅದೇ ಸಂವಿಧಾನ 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ, ಗಂಡು ಹೆಣ್ಣು, ಬಡವ ಬಲ್ಲಿದ ಎನ್ನದೆ, ಒಂದೊಂದು ಮತ ಕೊಟ್ಟಿತು.

ಮೊದಲ ಮಹಾಚುನಾವಣೆ

1952ರ ಚುನಾವಣೆಯಲ್ಲಿ ಹನುಮಂತಯ್ಯನವರು ರಾಮನಗರದಿಂದ ವಿಧಾನಸಭೆಗೆ ನಿಂತರು. ಈಗಿನಂತೆ ಯಂತ್ರದ ಗುಂಡಿ ಒತ್ತುವುದಾಗಲಿ, ಒಂದೇ ಕಾಗದದ ಮೇಲೆ ಮುದ್ರೆ ಹಾಕುವುದಾಗಲಿ ಆಗ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರವರ ಚಿಹ್ನೆ. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು. ಅಕ್ಷರ ಬಾರದವರೂ ಚಿತ್ರ ನೋಡಿ ತಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕುತ್ತಿದ್ದರು.

ರಾಮನಗರದ ಜನ ಅವರನ್ನು ಗೆಲ್ಲಿಸಿದರು. 99 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ 74 ಸ್ಥಾನ ಪಡೆಯಿತು. 1952ರ ಮಾರ್ಚ್ 30ರಂದು ಹನುಮಂತಯ್ಯನವರು ಮುಖ್ಯಮಂತ್ರಿಯಾದರು. ಅವರಿಗಿಂತ ಮೊದಲು ಕೆ.ಸಿ. ರೆಡ್ಡಿಯವರು 1947ರಿಂದ ಆ ಸ್ಥಾನದಲ್ಲಿದ್ದರು. ಆದರೆ ಎಲ್ಲ ವಯಸ್ಕರೂ ಮತ ಹಾಕಿದ ಚುನಾವಣೆಯ ಮೂಲಕ ಬಂದ ಮೊದಲ ಮುಖ್ಯಮಂತ್ರಿ ನಮ್ಮ ರಾಮನಗರದವರು.

ಅವರ ಸರ್ಕಾರದ ಕಾಲದಲ್ಲಿ 1952ರ ಗ್ರಾಮ ಪಂಚಾಯಿತಿ ಕಾಯಿದೆ ಬಂದಿತು. 1954ರಲ್ಲಿ ಇನಾಂ ರದ್ದತಿಯ ಕಾನೂನಾಯಿತು. ವಿಧಾನಸೌಧಕ್ಕೆ 1951ರ ಜುಲೈ 13ರಂದು ಪಂಡಿತ್ ನೆಹರೂ ಅಡಿಗಲ್ಲು ಹಾಕಿದ್ದರು. ಹನುಮಂತಯ್ಯನವರು ನಕ್ಷೆಯನ್ನು ಬದಲಾಯಿಸಿ, ಜನರ ಸರ್ಕಾರಕ್ಕೆ ಅರಮನೆಗಿಂತ ಕಡಿಮೆಯಿಲ್ಲದ ಮನೆ ಇರಬೇಕೆಂದು ಭವ್ಯ ಕಲ್ಲಿನ ಕಟ್ಟಡವನ್ನೇ ಎಬ್ಬಿಸಿದರು. ಅದು ಪೂರ್ಣಗೊಂಡದ್ದು 1956ರಲ್ಲಿ. ಖರ್ಚಿನ ಬಗ್ಗೆ ಟೀಕೆಗಳ ಸುರಿಮಳೆಯೇ ಆಯಿತು.

ಅಧಿಕಾರಕ್ಕಿಂತ ನಾಡು ದೊಡ್ಡದು

ಓದುಗರೇ, ಅವರ ಜೀವನದ ನಿಜವಾದ ಪರೀಕ್ಷೆ ಆ ಕಟ್ಟಡವಲ್ಲ, ಕನ್ನಡ ನಾಡಿನ ಏಕೀಕರಣ. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬಯಿ ಪ್ರಾಂತ್ಯದಲ್ಲಿ, ಗುಲ್ಬರ್ಗ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯದಲ್ಲಿ, ಮಂಗಳೂರು ಮದ್ರಾಸಿನಲ್ಲಿ ಹಂಚಿಹೋಗಿದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಅದೇ ವರ್ಷ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ರಚನೆಯಾಗಿ, 1955ರಲ್ಲಿ ತನ್ನ ವರದಿ ಕೊಟ್ಟಿತು.

ಹಳೆ ಮೈಸೂರಿನ ಅನೇಕ ಮುಖಂಡರಿಗೆ ಏಕೀಕರಣ ಬೇಡವಾಗಿತ್ತು. ಲೆಕ್ಕ ಸರಳ. ಹಳೆ ಮೈಸೂರಿನ ರಾಜಕೀಯದಲ್ಲಿ ಒಕ್ಕಲಿಗರ ಬಲ ದೊಡ್ಡದು. ಉತ್ತರದ ಜಿಲ್ಲೆಗಳು ಸೇರಿದರೆ ಲಿಂಗಾಯತರ ಬಲ ಹೆಚ್ಚುತ್ತದೆ, ಮುಖ್ಯಮಂತ್ರಿ ಸ್ಥಾನ ಕೈ ತಪ್ಪುತ್ತದೆ. ಹನುಮಂತಯ್ಯನವರಿಗೆ ಈ ಲೆಕ್ಕ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಅವರು ತಮ್ಮವರ ವಿರೋಧ ಕಟ್ಟಿಕೊಂಡು ಏಕೀಕರಣದ ಪರ ನಿಂತರು.

ಬೆಲೆ ತೆರಬೇಕಾಯಿತು. ಏಕೀಕರಣದ ವಿವಾದ, ವಿಧಾನಸೌಧದ ಖರ್ಚು, ಅವರ ಕಟ್ಟುನಿಟ್ಟಿನ ಸ್ವಭಾವ, ಎಲ್ಲವೂ ಸೇರಿ ಪಕ್ಷದ ಶಾಸಕರಲ್ಲೇ ವಿರೋಧ ಬೆಳೆಯಿತು. 1956ರ ಆಗಸ್ಟ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಕಡಿದಾಳ್ ಮಂಜಪ್ಪನವರು ಕೆಲವು ವಾರಗಳ ಕಾಲ ಮುಖ್ಯಮಂತ್ರಿಯಾಗಿದ್ದರು. ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾದಾಗ ಅದರ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪನವರು. ಯಾವ ನಾಡಿಗಾಗಿ ಹನುಮಂತಯ್ಯನವರು ತಮ್ಮವರ ಮುನಿಸನ್ನು ತಲೆಯ ಮೇಲೆ ಹಾಕಿಕೊಂಡರೋ ಆ ನಾಡು ಹುಟ್ಟಿದ ದಿನ ಅಧಿಕಾರ ಅವರ ಕೈಯಲ್ಲಿರಲಿಲ್ಲ.

ಅವರನ್ನು ಇಳಿಸಿದ್ದು ಶಾಸಕರು, ಮತದಾರರಲ್ಲ. 1957ರಲ್ಲಿ ರಾಮನಗರದ ಜನ ಅವರನ್ನು ಮತ್ತೆ ವಿಧಾನಸಭೆಗೆ ಕಳಿಸಿದರು.

ದೆಹಲಿಗೆ ಎರಡು ದಾರಿ

1962ರಲ್ಲಿ ಹನುಮಂತಯ್ಯನವರು ಬೆಂಗಳೂರು ನಗರದಿಂದ ಲೋಕಸಭೆಗೆ ಆಯ್ಕೆಯಾದರು. 1967 ಮತ್ತು 1971ರಲ್ಲೂ ಬೆಂಗಳೂರಿನ ಜನ ಅವರನ್ನೇ ಆರಿಸಿದರು. 1967ರಲ್ಲಿ ಅವರು ಮೊರಾರ್ಜಿ ದೇಸಾಯಿಯವರ ನಂತರ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು. ಆ ಆಯೋಗ 20 ವರದಿಗಳಲ್ಲಿ 537 ಶಿಫಾರಸುಗಳನ್ನು ನೀಡಿತು. 1971ರಲ್ಲಿ ಅವರು ರೈಲ್ವೆ ಸಚಿವರಾಗಿ 1972ರವರೆಗೆ ಕೆಲಸ ಮಾಡಿದರು.

ಈಗ ನಮ್ಮ ತಾಲ್ಲೂಕುಗಳ ಕಡೆಗೆ ಬರೋಣ. ರಾಮನಗರ, ಚನ್ನಪಟ್ಟಣ, ಕನಕಪುರದ ಮತದಾರರು ಅಂದು ಕನಕಪುರ ಲೋಕಸಭಾ ಕ್ಷೇತ್ರದಲ್ಲಿದ್ದರು. 1967ರಲ್ಲಿ ಅಲ್ಲಿಂದ ಗೆದ್ದವರು ಮರಳವಾಡಿಯ ಎಂ.ವಿ. ರಾಜಶೇಖರನ್. 1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪನವರು ಒಂದು ಬಣದ ಮುಂದಾಳಾದರೆ, ಹನುಮಂತಯ್ಯನವರು ಇಂದಿರಾ ಗಾಂಧಿಯವರ ಜೊತೆ ನಿಂತರು. 1971ರ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 27 ಸ್ಥಾನಗಳನ್ನೂ ಗೆದ್ದಿತು. ಕನಕಪುರದಿಂದ ಗೆದ್ದವರು ಚಳ್ಳಕೆರೆಯ ಸಿ.ಕೆ. ಜಾಫರ್ ಷರೀಫ್ ಸಾಹೇಬರು. ಅದೇ ಅವರ ಮೊದಲ ಲೋಕಸಭೆ.

ಗಮನಿಸಿ. ರಾಮನಗರದ ಮಗನನ್ನು ದೆಹಲಿಗೆ ಕಳಿಸಿದ್ದು ಬೆಂಗಳೂರು ನಗರ. ದೂರದ ಚಳ್ಳಕೆರೆಯ ಮುಸ್ಲಿಂ ಯುವಕನನ್ನು ದೆಹಲಿಗೆ ಕಳಿಸಿದ್ದು ಕನಕಪುರ ಕ್ಷೇತ್ರ. ಮತ ಹಾಕಿದವರಲ್ಲಿ ಎಲ್ಲ ಜಾತಿ, ಎಲ್ಲ ಮತಧರ್ಮದವರಿದ್ದರು. ನಮ್ಮವನೇ ಬೇಕು ಎಂದು ಜನ ಹಟ ಹಿಡಿದಿದ್ದರೆ ಇಬ್ಬರೂ ಲೋಕಸಭೆ ಕಾಣುತ್ತಿರಲಿಲ್ಲ. ಹನುಮಂತಯ್ಯನವರು ನೋಡಿಕೊಂಡ ರೈಲ್ವೆ ಖಾತೆಯನ್ನೇ ಷರೀಫ್ ಸಾಹೇಬರು 1991ರಿಂದ 1995ರವರೆಗೆ ನಿರ್ವಹಿಸಿ, ಮೀಟರ್ ಗೇಜ್ ಹಳಿಗಳನ್ನು ಬ್ರಾಡ್ ಗೇಜ್ ಮಾಡಿಸಿದರು.

ಸೋಲು ಮತ್ತು ಕೊನೆಯ ದಿನಗಳು

1977ರಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಎಂದು ಎರಡು ಕ್ಷೇತ್ರಗಳಿದ್ದವು. ತುರ್ತು ಪರಿಸ್ಥಿತಿಯ ಬಳಿಕ ನಡೆದ ಚುನಾವಣೆ ಅದು. ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಅದಕ್ಕೇ ಬಂದವು. ಬೆಂಗಳೂರು ಉತ್ತರದಲ್ಲಿ ಷರೀಫ್ ಸಾಹೇಬರು ಗೆದ್ದರು. ಸೋತ ಎರಡು ಸ್ಥಾನಗಳಲ್ಲಿ ಒಂದು ಬೆಂಗಳೂರು ದಕ್ಷಿಣ, ಸೋತವರು ಹನುಮಂತಯ್ಯನವರು. ಅವರನ್ನು ಸೋಲಿಸಿದವರು ಜನತಾ ಪಕ್ಷದ ಕೆ.ಎಸ್. ಹೆಗ್ಡೆ. 1973ರಲ್ಲಿ ಜ್ಯೇಷ್ಠತೆ ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಹೊರಬಂದ ನ್ಯಾಯಮೂರ್ತಿ ಅವರು. ನಂತರ ಲೋಕಸಭೆಯ ಸ್ಪೀಕರ್ ಆದರು.

ವಿಧಾನಸೌಧ ಕಟ್ಟಿಸಿದವರೆಂಬ ಕಾರಣಕ್ಕೆ ಮತದಾರರು ವಿನಾಯಿತಿ ಕೊಡಲಿಲ್ಲ. ಸೇವೆಯನ್ನು ಗೌರವಿಸುವುದು ಬೇರೆ, ಆ ದಿನದ ಪ್ರಶ್ನೆಗೆ ಉತ್ತರ ಕೊಡುವುದು ಬೇರೆ ಎಂದು ಅವರು ಎಣಿಸಿರಬೇಕು. 1980ರ ಡಿಸೆಂಬರ್ 1ರಂದು ಹನುಮಂತಯ್ಯನವರು ನಿಧನರಾದರು. ಬೆಂಗಳೂರಿನ ಡಬಲ್ ರೋಡ್ ಇಂದು ಅವರ ಹೆಸರಿನಲ್ಲಿದೆ.

ಕ್ಷೇತ್ರಗಳು ಅಳಿದವು, ಮತ ಉಳಿಯಿತು

ಅವರನ್ನು ಮೂರು ಬಾರಿ ಗೆಲ್ಲಿಸಿದ ಬೆಂಗಳೂರು ಕ್ಷೇತ್ರ ಹಳೆಯ ರೂಪದಲ್ಲಿ ಇಂದು ಇಲ್ಲ. ಕನಕಪುರ ಲೋಕಸಭಾ ಕ್ಷೇತ್ರವೂ ಇಲ್ಲ. 1996ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರನ್ನು ಗೆಲ್ಲಿಸಿ, 2002ರ ಉಪಚುನಾವಣೆಯಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರನ್ನು ಗೆಲ್ಲಿಸಿ, 2004ರಲ್ಲಿ ಅದೇ ದೇವೇಗೌಡರನ್ನು ತೇಜಸ್ವಿನಿಯವರ ಎದುರು ಸೋಲಿಸಿದ ಆ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಅಳಿಸಿಹೋಗಿ, ನಮ್ಮ ನಾಲ್ಕೂ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ ಸೇರಿದವು. ಕ್ಷೇತ್ರದ ಗಡಿ ಬದಲಾಗಬಹುದು, ಹೆಸರು ಅಳಿಯಬಹುದು. ಮತ ಹಾಕುವ ಕೈ ನಮ್ಮದೇ.

ವಿದ್ಯಾರ್ಥಿಗಳೇ, ಹನುಮಂತಯ್ಯನವರ ಕಾಲದಲ್ಲಿ ಮತದಾನಕ್ಕೆ 21 ವರ್ಷ ಆಗಬೇಕಿತ್ತು. 1989ರಲ್ಲಿ ಅದು 18ಕ್ಕೆ ಇಳಿಯಿತು. ನಿಮ್ಮಲ್ಲಿ ಪಿಯುಸಿ ಮುಗಿಸುವ ಹೊತ್ತಿಗೆ 18 ತುಂಬುವವರಿದ್ದೀರಿ. ಮೊದಲು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ. ಮನೆಯ ತಾಯಂದಿರ, ಅಜ್ಜಿಯರ ಹೆಸರು ಸರಿಯಾಗಿದೆಯೇ ಎಂದು ಓದಿ ನೋಡಿ. ಮತ ಹಾಕುವ ದಿನ ಅಭ್ಯರ್ಥಿ ನಮ್ಮವನೋ ಬೇರೆಯವನೋ ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ನಾಡಿನ ಹಿತಕ್ಕೂ ತನ್ನ ಕುರ್ಚಿಗೂ ತಿಕ್ಕಾಟ ಬಂದರೆ ಇವನು ಯಾವುದನ್ನು ಬಿಡುತ್ತಾನೆ? 1956ರಲ್ಲಿ ಲಕ್ಕಪ್ಪನಹಳ್ಳಿಯ ರೈತನ ಮಗ ಅದಕ್ಕೆ ಉತ್ತರ ಕೊಟ್ಟಿದ್ದಾರೆ.