ಬುಕ್ಕರಾಯ ಮತ್ತು ಎಡೆದೊರೆನಾಡಿನ ಮೊದಲ ಯುದ್ಧ

ಸಂಗಮನ ಮಗನಾದ ಒಂದನೆಯ ಬುಕ್ಕನು ಅಣ್ಣ ಹರಿಹರನ ತರುವಾಯ ಕ್ರಿ.ಶ. 1356ರಲ್ಲಿ ವಿಜಯನಗರದ ಅರಸನಾದನು. ಆಗ ಆ ರಾಜ್ಯಕ್ಕೆ ಎರಡು ದಶಕ, 1347ರಲ್ಲಿ ಉದಯಿಸಿದ ಬಹಮನಿಗೆ ಒಂದು ದಶಕವೂ ತುಂಬಿರಲಿಲ್ಲ. ಇಂದಿನ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಳಗೊಂಡ ಎಡೆದೊರೆನಾಡು ಇವೆರಡರ ಕಲಹಭೂಮಿಯಾಯಿತು.

ಪರ್ಶಿಯನ್ ಇತಿಹಾಸಕಾರ ಫೆರಿಷ್ತಾನ ಪ್ರಕಾರ, ಗಾಯಕರ ಸಂಭಾವನೆಯನ್ನು ವಿಜಯನಗರದ ಬೊಕ್ಕಸವೇ ತೆರಬೇಕೆಂದು ಸುಲ್ತಾನ ಒಂದನೆಯ ಮಹಮ್ಮದನು ಆಜ್ಞಾಪಿಸಿದನು. ಕೆರಳಿದ ಬುಕ್ಕನು 1366ರ ಸುಮಾರಿಗೆ ತುಂಗಭದ್ರೆಯನ್ನು ದಾಟಿ ಮುದಗಲ್ಲು ಕೋಟೆಯನ್ನು ಹಿಡಿದನು, ಕಾವಲುಪಡೆ ಹತವಾಯಿತು. ಸುಲ್ತಾನನ ಪ್ರತೀಕಾರಕ್ಕೆ ನಿರಾಯುಧರೂ ಬಲಿಯಾದರು. ಕಡೆಗೆ ಯುದ್ಧದಲ್ಲಿ ನಿರಾಯುಧರನ್ನು ಕೊಲ್ಲಬಾರದೆಂಬ ಒಪ್ಪಂದವಾಯಿತು. ಸುಮಾರು 240 ವರ್ಷಗಳ ಅನಂತರ ಬರೆದ ಫೆರಿಷ್ತಾನ ಸಂಖ್ಯೆಗಳು ಉತ್ಪ್ರೇಕ್ಷಿತವಾದರೂ ಈ ಒಪ್ಪಂದದ ಉಲ್ಲೇಖ ಗಮನಾರ್ಹವಾದುದು.

1368ರಲ್ಲಿ ಜೈನ-ವೈಷ್ಣವರ ವಿವಾದವನ್ನು ಸಂಧಾನದಿಂದ ಬಗೆಹರಿಸಿದ ಬುಕ್ಕನು 1377ರಲ್ಲಿ ಕಾಲವಾದನು. ಎಡೆದೊರೆಯ ಕಲಹ ಮಾತ್ರ 1565ರವರೆಗೂ ಶಮಿಸಲಿಲ್ಲ.