ಮಡಿಲ ನುಡಿಯನ್ನು ಶಾಲೆಗೆ ತಂದ ಪಂಜೆ ಮಂಗೇಶರಾಯರು

ಮಗುವಿನ ವಿದ್ಯೆ ಎಲ್ಲಿ ಕೆಟ್ಟಿತು ಎಂಬ ಮಾತು ಬಂದಾಗ ತಾಯ್ತಂದೆಗಳು ಶಾಲೆಯತ್ತ ಕೈತೋರುವುದೂ ಉಪಾಧ್ಯಾಯರು ಮನೆಯತ್ತ ಕೈತೋರುವುದೂ ಹಳೆಯ ವಾಡಿಕೆ. ಈ ಎರಡರ ನಡುವಣ ಹೊಸ್ತಿಲಿನಲ್ಲಿ ನಿಂತು ಬಾಳಿನ ಬಹುಭಾಗವನ್ನು ದುಡಿದವರು ಪಂಜೆ ಮಂಗೇಶರಾಯರು. ಅವರನ್ನು ಶಿಶುಗೀತಗಳ ಕವಿಯೆಂದು ಎಲ್ಲರೂ ಬಲ್ಲರು. ಆ ಗೀತಗಳು ಯಾವ ಕೊರತೆಯನ್ನು ನೀಗಲು ಹುಟ್ಟಿದುವೆಂಬುದನ್ನು ಮಾತ್ರ ನಾವು ಅಷ್ಟಾಗಿ ಆಲೋಚಿಸಿದಂತಿಲ್ಲ.

ರಾಯರು ಹುಟ್ಟಿದ್ದು 1874ನೆಯ ಇಸವಿ ಫೆಬ್ರವರಿ 22ರಂದು, ನೇತ್ರಾವತಿಯ ದಡದ ಬಂಟವಾಳದಲ್ಲಿ. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಸಾರಸ್ವತ ಮನೆತನವಾದುದರಿಂದ ಒಲೆಯ ಬಳಿಯ ಮಾತು ಕೊಂಕಣಿ. ಅಂಗಳ ದಾಟಿದರೆ ಬೀದಿಯ ಮಾತು ತುಳು. ಶಾಲೆಯ ಮಣೆಯ ಮೇಲೆ ಕುಳಿತರೆ ಕನ್ನಡ. ಅದರಾಚೆಗೆ ದೊರೆಗಳ ಇಂಗ್ಲಿಷು. ಮುಂದೆ ಕನ್ನಡದ ಎಳೆಯರ ನಾಲಗೆಯ ಮೇಲೆ ನಲಿದಾಡುವ ಪದ್ಯಗಳನ್ನು ಕಟ್ಟಿದ ಕವಿಗೆ ಕನ್ನಡವು ತೊಟ್ಟಿಲಿನ ಭಾಷೆಯಾಗಿರಲಿಲ್ಲವೆಂಬುದು ಸೋಜಿಗದ ಸಂಗತಿ. ಮನೆಯ ನುಡಿಯಿಂದ ಶಾಲೆಯ ನುಡಿಗೆ ಏರುವ ಮೆಟ್ಟಿಲು ಎಳೆಯ ಕಾಲಿಗೆ ಎಷ್ಟು ಎತ್ತರವೆಂಬುದನ್ನು ಅವರು ತಮ್ಮ ಕಾಲಿನಿಂದಲೇ ಅಳೆದಿದ್ದರೆಂದು ನನಗೆ ತೋರುತ್ತದೆ.

ಮಂಗಳೂರಿನಲ್ಲಿ ಓದು ಮುಗಿಯುವ ಮುನ್ನವೇ ತಂದೆ ತೀರಿಕೊಂಡರು. ಸಂಸಾರದ ಭಾರ ಹುಡುಗನ ಹೆಗಲಿಗೆ ಬಂದಿತು. ಮನೆಪಾಠ ಹೇಳಿ ತಮ್ಮಂದಿರನ್ನು ಓದಿಸುತ್ತ ತಾವೂ ಓದಿದರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಪದವೀಧರರಾದ ಬಳಿಕ ವಿದ್ಯಾಶಾಖೆಯಲ್ಲಿ ಶಾಲೆಗಳ ತನಿಖಾಧಿಕಾರಿಯಾದರು. ಈ ನಡುವೆ 1900ರಲ್ಲಿ ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯಲ್ಲಿ ಬಂದ ಅವರ ‘ನನ್ನ ಚಿಕ್ಕತಾಯಿ’ಯನ್ನು ಕನ್ನಡದ ಮೊದಮೊದಲ ಸಣ್ಣಕತೆಗಳಲ್ಲಿ ಒಂದೆಂದು ಎಣಿಸುವುದುಂಟು. ಅದು ಬೇರೆಯೇ ಲೇಖನಕ್ಕೆ ವಸ್ತು.

ತನಿಖಾಧಿಕಾರಿ ಎಂದರೆ ಆ ಕಾಲದ ಹಳ್ಳಿಯ ಮೇಷ್ಟರಿಗೆ ಏನಾಗಿತ್ತೆಂಬುದನ್ನು ಇಂದಿನವರು ಊಹಿಸಿಕೊಳ್ಳಬೇಕು. ಮಕ್ಕಳು ಪರೀಕ್ಷೆಯಲ್ಲಿ ಒಪ್ಪಿಸಿದ್ದನ್ನು ನೋಡಿ ಶಾಲೆಗೆ ಸಹಾಯಧನ ಅಳೆಯುವ ಪದ್ಧತಿ ಮದರಾಸು ಪ್ರಾಂತದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೂರಿತ್ತು. ಮಗುವಿನ ಬಾಯಿ ತಡವರಿಸಿದರೆ ಮೇಷ್ಟರ ಹೊಟ್ಟೆಗೆ ಕುತ್ತು. ಹೀಗಿರುವಾಗ ಬೆತ್ತವು ಸಡಿಲುವುದೆಂತು? ಬಾಯಿಪಾಠವು ಬಿಡುವುದೆಂತು? ಅದಕ್ಕೂ ಹಿಂದಿನ ಕೂಲಿಮಠದಲ್ಲಾದರೋ ಮಗ್ಗಿ, ಅಮರ, ಜೈಮಿನಿ ಭಾರತಗಳ ಜತೆಗೆ ಕೋದಂಡದ ಶಿಕ್ಷೆಯೂ ಇತ್ತು. ಅಜ್ಜಿಯ ಕತೆ ಕೇಳಿ, ಅವ್ವನ ಜೋಗುಳ ಕೇಳಿ ಬೆಳೆದ ಮಗು ಶಾಲೆಯ ಬಾಗಿಲಲ್ಲಿ ಅವೆಲ್ಲವನ್ನೂ ಕಳಚಿಟ್ಟು ಒಳಗೆ ಹೋಗಬೇಕಾಗಿತ್ತು.

ಪಂಜೆಯವರು ತನಿಖೆಗೆ ಹೋದಲ್ಲಿ ಮಕ್ಕಳಿಗೆ ಕತೆ ಹೇಳುತ್ತಿದ್ದರು, ಹಾಡು ಹೇಳಿಕೊಡುತ್ತಿದ್ದರು. ಅವರನ್ನು ಕಂಡವರು ಬರೆದ ನೆನಪುಗಳಲ್ಲೆಲ್ಲ ಈ ಚಿತ್ರ ಮರಳಿ ಮರಳಿ ಬರುತ್ತದೆ. ಆದರೆ ಒಬ್ಬ ಅಧಿಕಾರಿಯ ಸರಸತೆಯಿಂದ ಶಾಲೆ ಬದಲಾಗದು. ಆತನು ಬಂಡಿಯೇರಿದ ಮೇಲೆ ಮೇಷ್ಟರ ಕೈಯಲ್ಲಿ ಉಳಿಯುವುದು ಪಠ್ಯಪುಸ್ತಕವೇ. ಇದನ್ನು ಅರಿತೇ ಅವರು ವಾಚನ ಪುಸ್ತಕಗಳಿಗೆ ಕೈಹಾಕಿದರು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಅಚ್ಚುಹಾಕಿದ ಕನ್ನಡ ಪದ್ಯ ಪುಸ್ತಕಗಳ ಭಾಗಗಳು 1912ರಿಂದ ಹೊರಬಂದುವು. ಅವುಗಳಲ್ಲಿ ಸ್ವಂತ ರಚನೆಗಳಿಗೆ ಅವರು ಇಟ್ಟುಕೊಂಡ ಹೆಸರು ‘ಕವಿಶಿಷ್ಯ’. ಮಿತ್ರರನ್ನು ಕೂಡಿಸಿಕೊಂಡು ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನೂ ನಡೆಸಿದರು.

‘ನಾಗರಹಾವೆ’ ಪದ್ಯವನ್ನೇ ನೋಡಿರಿ. ಬಿಲದ ಹಾವನ್ನು ಮಗು ಮಾತನಾಡಿಸುತ್ತದೆ, ಕೈಮುಗಿಯುತ್ತದೆ, ಹಾಲಿನ ಆಸೆ ತೋರಿಸುತ್ತದೆ. ಒಳಗೊಳಗೇ ಹೆದರಿಕೆಯೂ ಉಂಟು. ನೀತಿಯ ಹೊರೆಯಿಲ್ಲ. ಹಬ್ಬದ ದಿನ ತಾಯಿಯ ಸೆರಗು ಹಿಡಿದು ಹುತ್ತದ ಬಳಿ ನಿಂತ ಕೂಸಿನ ಮನಸ್ಸೇ ಅಲ್ಲಿ ಲಯವಾಗಿದೆ. ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕತೆಯಲ್ಲಿ ಪ್ರಶ್ನೆಯೊಂದು ಪ್ರಶ್ನೆಯನ್ನು ಕೊಂಡಿಯಂತೆ ಎಳೆದುಕೊಂಡು ಹೋಗುತ್ತದೆ. ಇದು ಅಜ್ಜಿಯರ ಕಥನಕ್ರಮ, ಪಂಡಿತರದಲ್ಲ. ಇಂಗ್ಲಿಷಿನಿಂದ ಬಂದ ‘ಮೂರು ಕರಡಿಗಳು’ ಕೂಡ ಅವರ ಕೈಯಲ್ಲಿ ನಮ್ಮ ಕಾಡಿನ ಕರಡಿಗಳಾಗುತ್ತವೆ.

ಇಲ್ಲಿ ಒಂದು ಮಾತು. ನಮ್ಮ ಹಿರಿಯೂರು ಸೀಮೆಯ ಯಲ್ಲದಕೆರೆಯಂತಹ ಬಯಲುನಾಡಿನ ಮಗುವಿಗೆ ಹುತ್ತ ಗೊತ್ತು, ಹಾವು ಗೊತ್ತು. ನಾಗರಹಾವಿನ ಹಾಡು ಅದರ ಬಾಯಿಗೆ ತಾನಾಗಿಯೇ ಬರುತ್ತದೆ. ಕಡಲ ಸಿಗಡಿಯನ್ನು ಅದು ಎಲ್ಲಿ ಕಂಡಿದೆ? ಗಡಿಯಾಚೆಯ ತೆಲುಗು ಮನೆಗಳಲ್ಲಿ ಇದೇ ಧಾಟಿಯ ಏಳು ಮೀನಿನ ಕತೆಯುಂಟು. ಕೆರೆಯ ಮೀನು ಬಲ್ಲ ಮಗುವಿಗೆ ಅದು ಹೆಚ್ಚು ಹತ್ತಿರ. ಪಂಜೆಯವರ ಪದ್ಯಗಳನ್ನು ನಾಡಿನ ಮೂಲೆಮೂಲೆಯ ಪಠ್ಯಗಳಿಗೆ ಸೇರಿಸಿ ಕೃತಾರ್ಥರಾದ ನಾವು, ಅವರು ಕರಾವಳಿಯಲ್ಲಿ ಮಾಡಿದ ಕೆಲಸವನ್ನು ನಮ್ಮ ನಮ್ಮ ಸೀಮೆಗಳಲ್ಲಿ ಮಾಡಿದೆವೆಂದು ಹೇಳಲಾರೆ. ಅವರ ಪದ್ಯವನ್ನು ಎರವಲು ತರುವುದು ಸುಲಭ. ಊರಿನ ಅಜ್ಜಿಯರ ಬಳಿ ಕುಳಿತು ಕೇಳುವ ತಾಳ್ಮೆಯನ್ನು ಎರವಲು ತರುವುದು ಕಷ್ಟ.

ಆ ತಾಳ್ಮೆ ರಾಯರಿಗೆ ಹೋದಲ್ಲೆಲ್ಲ ಇದ್ದಿತು. ತುಳುವರ ಪಾಡ್ದನಗಳನ್ನು ಆಲಿಸಿ ಕೋಟಿ ಚೆನ್ನಯರ ಕತೆಯನ್ನು ಕನ್ನಡಕ್ಕೆ ತಂದರು. ಮಡಿಕೇರಿಯ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯರಾಗಿ ಹೋದಾಗ ಕೊಡಗಿನ ಸುಗ್ಗಿಯ ಸಡಗರವನ್ನು ಕಂಡು ‘ಹುತ್ತರಿ ಹಾಡು’ ಬರೆದರು; ಬೇರೆ ಸೀಮೆಯಿಂದ ಬಂದ ಉಪಾಧ್ಯಾಯನೊಬ್ಬನು ಕಟ್ಟಿದ ಈ ಹಾಡನ್ನು ಕೊಡಗಿನವರು ತಮ್ಮ ನಾಡಿನ ಹಾಡಾಗಿ ಹಾಡಿಕೊಂಡರು.

1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ರಾಯಚೂರು ಆಗ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಪ್ರೌಢ ವಿದ್ಯೆಯ ಮಾಧ್ಯಮ ಉರ್ದು, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಮಾಧ್ಯಮವೂ ಉರ್ದುವೇ. ಮನೆಯಲ್ಲಿ ಕನ್ನಡ ಕಲಿತ ಮಗು ಮೇಲಕ್ಕೇರಬೇಕಾದರೆ ಮನೆಯ ಮಾತನ್ನು ಹಿಂದೆ ಬಿಟ್ಟೇ ಹೋಗಬೇಕಾದ ಆ ನಾಡಿನಲ್ಲಿ, ಪ್ರೌಢಕಾವ್ಯದ ಬಿರುದಿಲ್ಲದ ಮಕ್ಕಳ ಕವಿಯೊಬ್ಬರು ಕನ್ನಡದ ಆ ಪೀಠದಲ್ಲಿ ಕುಳಿತರು. ಮೂರು ವರ್ಷಗಳ ಬಳಿಕ, 1937ರ ಅಕ್ಟೋಬರ್ 25ರಂದು, ಅದೇ ಸಂಸ್ಥಾನದ ರಾಜಧಾನಿ ಹೈದರಾಬಾದಿನಲ್ಲಿ ಅವರು ಕಣ್ಮುಚ್ಚಿದರು. ಅವರ ಪದ್ಯಗಳನ್ನು ಅಂದು ಶಾಲೆಗಳಲ್ಲಿ ಹಾಡುತ್ತಿದ್ದ ಎಷ್ಟೋ ಮಕ್ಕಳಿಗೆ ‘ಕವಿಶಿಷ್ಯ’ನೆಂದರೆ ಯಾರೆಂಬುದೇ ತಿಳಿದಿರಲಾರದು.